ಅಂಗೈಯಲ್ಲಿದ್ದ ಮಾತ್ರೆ

ಅಮ್ಮಾ,

ನಿನ್ನ ಮೊಮ್ಮಗಳು ಈಗ ಎರಡು ತಿಂಗಳ ಬಸುರಿ. ರಕ್ತದೊತ್ತಡ ಹೆಚ್ಚಿದೆ, ಜೋಪಾನವಾಗಿರಬೇಕೆಂದು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತೇ ಇದ್ದಳು.

"ಮಗುಗೆ ಏನಾದ್ರೂ ಆದ್ರೆ? ಅಜ್ಜಿ ಒಂದು ಮಾತ್ರೇನೂ ಮುಟ್ಟದೆ ನಿನ್ನ ಹೆತ್ತಳಂತೆ!"

ನಾನು ಹುಟ್ಟಿದ ಮೇಲೆ ಮತ್ತೆ ಬಸುರಾದಾಗಲೂ ನೀನು ಡಾಕ್ಟರು ಕೊಟ್ಟದ್ದನ್ನು ಮುಟ್ಟಲಿಲ್ಲ. ಒತ್ತಡ ಏರಿ ನಿನಗೆ ಫಿಟ್ಸ್ ಬಂದದ್ದನ್ನು, ತಮ್ಮ ಉಸಿರಿಲ್ಲದೇ ಹುಟ್ಟಿದ್ದನ್ನು ನೀನು ಅವಳಿಗೆ ಹೇಳಿರಲಿಲ್ಲ. ನಾನು ಹೇಳಿದೆ. ಅವಳೆದುರೇ ಡಾಕ್ಟರಿಗೆ ಫೋನ್ ಮಾಡಿದೆ. "ಬಸುರಿ ಅಂತ ನೋಡಿಯೇ ಆರಿಸಿ ಕೊಟ್ಟಿದ್ದೀನಿ. ನೀವಾಗಿ ನಿಲ್ಲಿಸ್ಬೇಡಿ" ಎಂದರು.

"ನೀರು ಕೊಡಮ್ಮ. ನೀನು ಹಾಗೆ ಗುರಾಯಿಸಿದ್ರೆ ಮಾತ್ರೆ ಹೆದರ್ಕೊಂಡು ತಾನೇ ಇಳಿಯುತ್ತಾ?" ಎನ್ನುತ್ತಾ ನುಂಗಿದಳು.

ಹೆರಿಗೆಯಾಗುವವರೆಗೂ ದಿನಾ ಪಕ್ಕದಲ್ಲೇ ಕೂರುತ್ತೇನೆ. ಆಗ ನಿನ್ನ ಪಕ್ಕದಲ್ಲಿ ಯಾರು ಕೂತಿದ್ದರು, ಅಮ್ಮಾ?