ಎರಡನೆಯ ಸಲದ ಕ್ಲಿಪ್ಪು

ಬುಧವಾರ, ಮಾರ್ಚ್ 12
ಸಂಜೆ ಆರೂಕಾಲು

ಪ್ರೀತಿಯ ಅಕ್ಕಾ,

ಅಂಗಡಿಯಿಂದ ಈಗಷ್ಟೇ ಬಂದು ಕೂತಿದ್ದೇನೆ. ಇವತ್ತು ಏಳು ಪ್ಯಾಂಟು ಗಿಡ್ಡ ಮಾಡಿದೆ, ಎರಡು ಜಿಪ್ಪು ಬದಲಾಯಿಸಿದೆ, ದಪ್ಪಗಾದ ಒಬ್ಬರ ಕೋಟನ್ನು ಬೆನ್ನಿನಲ್ಲಿ ಬಿಚ್ಚಿ ಒಂದಿಂಚು ಬಿಟ್ಟು ಹೊಲಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ನಿನ್ನ ಮೆಸೇಜು ನೋಡಿದೆ. "ಆವತ್ತು ನಾನು ಬರೋದು ತಡವಾಯ್ತು ಅಂತ ನಿನಗಿನ್ನೂ ಸಿಟ್ಟಿದೆ. ಸಿಟ್ಟಿದ್ದರೆ ಬೈದುಬಿಡು, ಹೀಗೆ ಸುಮ್ಮನಿರಬೇಡ" ಎಂದು ಬರೆದಿದ್ದೀಯ. ಊಟದ ಡಬ್ಬಿ ಮುಚ್ಚಿಟ್ಟೆ.

ಅಕ್ಕಾ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಅಮ್ಮ ಹೋದ ದಿನ ನೀನು ಮೂರು ಗಂಟೆ ತಡವಾಗಿ ಬಂದೆ, ನಿಜ. ಅಷ್ಟು ದೂರದಿಂದ ಯಾರು ಬಂದರೂ ಅಷ್ಟೇ ಹೊತ್ತಾಗುತ್ತಿತ್ತು. ಅದನ್ನು ನಾನು ಒಂದು ದಿನವೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ನೀನು ಹದಿನೇಳು ಸಲ ಫೋನು ಮಾಡಿದ್ದೀಯ, ನಾನು ಒಂದು ಸಲವೂ ಎತ್ತಲಿಲ್ಲ. "ಕೆಲಸದಲ್ಲಿದ್ದೇನೆ", "ಆಮೇಲೆ ಮಾಡುತ್ತೇನೆ" ಎಂದು ಮೆಸೇಜು ಹಾಕಿ ಎರಡು ತಿಂಗಳು ತಪ್ಪಿಸಿಕೊಂಡೆ. ಅದಕ್ಕೆ ಕಾರಣ ಬೇರೆ. ಫೋನಿನಲ್ಲಿ ಹೇಳೋಣವೆಂದರೆ ನಾಲಿಗೆ ತೊಡರುತ್ತದೆ. ಮಾತಿಗೆ ಹಾಗೆ ಹೇಳುತ್ತಿಲ್ಲ, ನಿಜಕ್ಕೂ ತೊಡರುತ್ತದೆ. ಎತ್ತಿ ಎರಡು ಮಾತಾಡಿದ್ದರೆ ನಿನಗೆ ಗೊತ್ತಾಗಿಬಿಡುತ್ತಿತ್ತು. ಕಾಗದ ಬರೆಯುತ್ತಿರುವುದು ಅದಕ್ಕೇ.

ಭಾವನ ಬೆನ್ನುನೋವು ಹೇಗಿದೆ? ಮಗಳ ಪರೀಕ್ಷೆ ಮುಗಿಯಿತೇ? ಇದನ್ನೂ ಕೇಳದೆ ಇದ್ದೆನಲ್ಲ, ಕ್ಷಮಿಸು.

ನಾನು ಹಲ್ಲಿಗೆ ಮತ್ತೆ ಕ್ಲಿಪ್ಪು ಹಾಕಿಸಿಕೊಂಡಿದ್ದೇನೆ. ನಲವತ್ತೊಂದನೆಯ ವಯಸ್ಸಿನಲ್ಲಿ, ಎರಡನೆಯ ಸಲ.

ಬರೆದುಬಿಟ್ಟೆ. ಈ ಒಂದು ಸಾಲಿಗಾಗಿ ಮೂರು ಹಾಳೆ ಹರಿದೆ.

ಚಂದ ಕಾಣಬೇಕೆಂದು ಹಾಕಿಸಿದ್ದಲ್ಲ. ಅಮ್ಮ ಹೋದ ಮೇಲೆ ಬೆಳಿಗ್ಗೆ ಎದ್ದಾಗ ದವಡೆ ಹಿಡಿದಂತಿರುತ್ತಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆನಂತೆ. ಕೆಳಗಿನ ಹಲ್ಲು ಮೇಲಿನ ಒಸಡಿಗೆ ತಗುಲಿ ತಗುಲಿ ಅಲ್ಲಿ ಗಾಯವಾಗಿತ್ತು. ಮೆತ್ತಗಿನದನ್ನು ಬಿಟ್ಟು ಬೇರೇನೂ ಅಗಿಯಲು ಆಗುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಆ ಡಾಕ್ಟರಮ್ಮ ನಿನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು, ಅಷ್ಟೇ.

ಬಾಗಿಲಲ್ಲಿ ಚೀಟಿ ಬರೆಯುವ ಹುಡುಗಿ ತಲೆಯೆತ್ತದೆ, "ಮಗು ಎಲ್ಲಿ?" ಎಂದಳು.

"ಯಾವ ಮಗು?"

"ಪೇಷೆಂಟು."

"ನಾನೇ."

ಅವಳು ಪುಸ್ತಕ ನೋಡಿ ನನ್ನನ್ನು ನೋಡಿದಳು. "ಅಯ್ಯೋ, ಬೇಜಾರು ಮಾಡ್ಕೋಬೇಡಿ. ಸಂಜೆ ಹೊತ್ತು ಬರೀ ಮಕ್ಕಳೇ ಬರೋದು ಇಲ್ಲಿಗೆ."

ಒಳಗೆ ಉದ್ದದ ಬೆಂಚು. ಶಾಲೆಯ ಚೀಲ ತೊಡೆಯ ಮೇಲಿಟ್ಟುಕೊಂಡ ಮಕ್ಕಳು, ಪಕ್ಕದಲ್ಲಿ ಅವರ ತಾಯಂದಿರು. ಜಾಗವಿದ್ದದ್ದು ಒಬ್ಬ ತಾಯಿಗೂ ಮಗಳಿಗೂ ನಡುವೆ. ಹುಡುಗಿ ನನ್ನ ಬಾಯನ್ನೇ ನೋಡುತ್ತ, "ಆಂಟಿ, ನಿಮ್ಮನ್ನ ಯಾರು ಬೈದು ಕರ್ಕೊಂಡು ಬಂದ್ರು?" ಎಂದು ಕೇಳಿತು.

"ಯಾರೂ ಇಲ್ಲ. ನಾನೇ ಬಂದೆ."

"ನೀವೇನಾ? ನನ್ನನ್ನ ಅಮ್ಮ ಎಳ್ಕೊಂಡು ಬರ್ತಾಳೆ." ಆಮೇಲೆ ನನ್ನನ್ನು ದಾಟಿ ಬಗ್ಗಿ ತಾಯಿಗೆ ಗುಟ್ಟು ಹೇಳಿತು. ಆ ಗುಟ್ಟು ಇಡೀ ಬೆಂಚಿಗೆ ಕೇಳಿಸಿತು. "ಪಾಪ, ಇವರಿಗೆ ಚಿಕ್ಕವರಿದ್ದಾಗ ಯಾರೂ ಹಾಕಿಸ್ಲಿಲ್ಲ ಅನ್ಸುತ್ತೆ."

ಹಾಕಿಸಿದ್ದರು ಮಗೂ ಎನ್ನಲು ಬಾಯಿ ಬರಲಿಲ್ಲ.

ಡಾಕ್ಟರಮ್ಮನಿಗೆ ಮಾತ್ರ ಒಂದೇ ನೋಟಕ್ಕೆ ತಿಳಿಯಿತು. ದೀಪ ಹಾಕಿ ಕನ್ನಡಿ ಇಟ್ಟು ನೋಡಿ, "ಮೊದ್ಲೂ ಕ್ಲಿಪ್ ಹಾಕಿಸಿದ್ರಲ್ವಾ? ಎರಡು ಹಲ್ಲು ತೆಗೆದಿದಾರೆ. ನೀಟಾಗಿ ಮಾಡಿದಾರೆ ಕೆಲಸ" ಎಂದಳು.

"ಹೂಂ."

"ಆಮೇಲೆ ರಾತ್ರಿ ಹೊತ್ತು ಹಲ್ಲು ಹಿಡಿದಿಡೋ ಪ್ಲೇಟು ಹಾಕ್ಕೊಂಡಿರಲಿಲ್ವಾ? ಹಾಕ್ಕೊಂಡಿದ್ರೆ ಇಷ್ಟು ಮುಂದಕ್ಕೆ ಬರ್ತಿರಲಿಲ್ಲ."

"ಕಳೆದುಹೋಯ್ತು" ಎಂದೆ.

ಈ ವಯಸ್ಸಿನಲ್ಲಿ, ಬಾಯಿ ತೆರೆದು ಮಲಗಿಕೊಂಡು ಸುಳ್ಳು ಹೇಳಿದೆ. ಅವಳು "ಹಾಗೇ ಆಗೋದು ಎಲ್ರಿಗೂ" ಎಂದು ನಕ್ಕಳು.

ಈಗ ಹಲ್ಲಿನ ಮೇಲೆ ತಂತಿ, ಅಂಗುಳಿಗೆ ಅಡ್ಡ ಒಂದು ಸಣ್ಣ ಕಂಬಿ. ಆ ಕಂಬಿಯಿಂದಾಗಿ ಮಾತು ತೊದಲುತ್ತದೆ. ಅಂಗಡಿಯಲ್ಲಿ ದೊಡ್ಡ ತೊಂದರೆ ಗುಂಡುಸೂಜಿಯದು. ನಾನು ಹತ್ತು ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆಲಸ ಮಾಡುವುದು ನಿನಗೆ ಗೊತ್ತಲ್ಲ. ಗಿರಾಕಿಯ ಕಾಲ ಬಳಿ ಮಂಡಿಯೂರಿ ಕೂತು, ಬಾಯಿಂದ ಒಂದೊಂದೇ ತೆಗೆದು ಪ್ಯಾಂಟಿನ ಅಂಚಿಗೆ ಚುಚ್ಚುವುದು. ಬಾಯಲ್ಲಿ ಸೂಜಿ ಇದ್ದರೆ ಯಾರೂ ಮಾತಾಡಿಸುವುದಿಲ್ಲ. ಇಪ್ಪತ್ತು ವರ್ಷ ಅದು ನನಗೆ ಎಷ್ಟು ಅನುಕೂಲವಾಗಿತ್ತೆಂದು ಈಗ ಗೊತ್ತಾಗುತ್ತಿದೆ. ತಂತಿಗೆ ಸೂಜಿ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ಚಿಂದಿ ಬಟ್ಟೆಯಲ್ಲಿ ಹತ್ತಿ ತುಂಬಿ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇನೆ.

ನಮ್ಮಂಗಡಿಯ ಮಾಸ್ಟರು ಮೊದಲನೆಯ ದಿನ ಕತ್ತರಿ ಕೆಳಗಿಟ್ಟು ನೋಡಿದರು. "ಏನಮ್ಮಾ, ಹಲ್ಲಿಗೂ ಕಚ್ಚಾ ಹೊಲಿಗೆ ಹಾಕಿಸ್ಕೊಂಡು ಬಂದಿದೀಯಾ?"

"ಹೌದು ಮಾಸ್ಟರ್."

"ಯಾವಾಗ ಬಿಚ್ತಾರೆ?"

"ಎರಡು ವರ್ಷ."

"ನಮ್ಮಂಗಡೀಲಿ ಎರಡು ದಿನ ತಡವಾದ್ರೆ ಗಿರಾಕಿ ಮೈಮೇಲೆ ಬರ್ತಾರೆ. ಒಳ್ಳೇ ವ್ಯಾಪಾರ ಕಣಮ್ಮ ಅವರದ್ದು." ಗುಂಡಿಗೆ ಕಾಜ ಹಾಕುವ ಅಜ್ಜಿ ಬಿದ್ದೂ ಬಿದ್ದೂ ನಕ್ಕರು. ನಾನೂ ನಗಬೇಕಾಯಿತು. ನಗುವಾಗ ಕೈ ತಾನಾಗಿ ಬಾಯಿಗೆ ಹೋಯಿತು.

ಅಕ್ಕಾ, ಆಗ ನೀನು ನೆನಪಾದೆ.

ನಾವಿಬ್ಬರೂ ಉಬ್ಬುಹಲ್ಲಿನವರು. ಮಾವ ನಮ್ಮನ್ನು ದೊಡ್ಡ ಮೊಲ, ಚಿಕ್ಕ ಮೊಲ ಎಂದೇ ಕರೆಯುತ್ತಿದ್ದ. ಹಲ್ಲಿನ ಕಾಲೇಜಿನಲ್ಲಿ ಬಿಟ್ಟಿಯಾಗಿ ಕ್ಲಿಪ್ಪು ಹಾಕುತ್ತಾರೆ ಎಂದು ತಿಳಿದು ಅಪ್ಪ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ನಿನಗೆ ಹದಿನಾರು, ನನಗೆ ಹದಿಮೂರು. ಮನೆಗೆ ಒಬ್ಬರಿಗೆ ಮಾತ್ರ ಎಂಬ ನಿಯಮ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಇಬ್ಬರ ಬಾಯನ್ನೂ ನೋಡಿ, "ದೊಡ್ಡವಳದ್ದು ಜಾಸ್ತಿ ಇದೆ, ಇವಳನ್ನೇ ತೊಗೊಳ್ಳೋಣ" ಎಂದು ಅಲ್ಲಿನ ಮೇಷ್ಟ್ರು ಹೇಳಿದರು. ಮುಂದಿನ ವಾರ ನೀನು ಕುರ್ಚಿಯ ಹತ್ತಿರ ಹೋಗಿ ನಿಂತು, "ನನಗೆ ಬೇಡ, ಭಯ ಆಗುತ್ತೆ, ಅವಳಿಗೇ ಹಾಕಿ" ಎಂದುಬಿಟ್ಟೆ. ಬಸ್ಸಿನಲ್ಲಿ ಅಪ್ಪ ದಾರಿಯುದ್ದಕ್ಕೂ ನಿನ್ನನ್ನು ಪುಕ್ಕಲಿ ಎಂದು ಬೈದ. ಅಮ್ಮ ಮಾತ್ರ ನಂಬಲಿಲ್ಲ. "ಅವಳಿಗೆ ಎಂಥ ಭಯ? ತಂಗಿಗೋಸ್ಕರ ಬಿಟ್ಟುಕೊಟ್ಟಿದಾಳೆ" ಎಂದಳು. ಅವತ್ತಿನಿಂದ ಮನೆಯಲ್ಲಿ ಅದೇ ಮಾತು ನಿಂತಿತು.

ನನ್ನ ಹಲ್ಲು ಎರಡು ವರ್ಷಕ್ಕೆ ಸರಿಹೋಯಿತು. ತಂತಿ ಬಿಚ್ಚಿದ ದಿನ ಮಾವ ಬಂದಿದ್ದ. "ಎರಡು ಮೊಲ ಇದ್ವು, ಈಗ ಒಂದೇ ಉಳೀತು" ಎಂದ. ಎಲ್ಲರೂ ನಕ್ಕರು, ನೀನೂ ನಕ್ಕೆ. ಕೈ ಅಡ್ಡ ಇಟ್ಟುಕೊಂಡು. ಅದಕ್ಕೆ ಮೊದಲು ನೀನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಿನ್ನ ಮದುವೆಯ ಫೋಟೋದಲ್ಲೂ ಬಾಯಿ ಬಿಗಿಯಾಗಿ ಮುಚ್ಚಿದೆ.

ಆಮೇಲೆ ಪ್ಲೇಟಿನ ಕಥೆ. ರಾತ್ರಿ ಹಾಕಿಕೊಂಡು ಮಲಗಬೇಕು, ಬೆಳಿಗ್ಗೆ ತೆಗೆದು ಅಮ್ಮನ ಕೈಗೆ ಕೊಡಬೇಕು. ಅವಳು ತೊಳೆದು ಡಬ್ಬಿಗೆ ಹಾಕುತ್ತಿದ್ದಳು. ಪ್ರತಿ ರಾತ್ರಿ ಡಬ್ಬಿ ಕೊಡುವಾಗ, "ಅಕ್ಕ ಬಿಟ್ಟುಕೊಟ್ಟಿದ್ದು, ಜೋಪಾನ" ಎನ್ನುತ್ತಿದ್ದಳು. ಆ ಮಾತು ಕೇಳಿದರೆ ನನಗೆ ಪ್ಲೇಟು ಬಾಯಿಗೆ ಹೋಗುತ್ತಿರಲಿಲ್ಲ. ದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ನಲ್ಲಿಯ ಕೆಳಗೆ ಹಿಡಿದು ಒದ್ದೆ ಮಾಡಿ ಅಮ್ಮನ ಅಂಗೈಗೆ ಇಡುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ, ಒಂದೂವರೆ ವರ್ಷ. ಹಲ್ಲು ಒಂದೊಂದು ಕೂದಲೆಳೆಯಷ್ಟು ಮುಂದೆ ಬಂತು. ನೀನು ಮದುವೆಯಾಗಿ ದೂರ ಹೋದೆ, ಬಂದಾಗಲೆಲ್ಲ ನಾನು ಸೂಜಿ ಕಚ್ಚಿಕೊಂಡಿದ್ದೆ, ಇಲ್ಲವೆ ಬಾಯಿ ಮುಚ್ಚಿಕೊಂಡಿದ್ದೆ. ನೀನು ಗಮನಿಸಿದೆಯೋ ಇಲ್ಲವೋ, ಏನೂ ಹೇಳಲಿಲ್ಲ.

ಅಮ್ಮನ ಕೊನೆಯ ತಿಂಗಳಲ್ಲಿ ಒಂದು ದಿನ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಅವಳು ಬಾಯಿ ತೆರೆಯಲಿ ಎಂದು ನಾನೂ ತೆರೆಯುತ್ತೇನಲ್ಲ, ಅದನ್ನು ನೋಡುತ್ತಿದ್ದಳು.

"ಹಲ್ಲು ಮತ್ತೆ ಮುಂದೆ ಬಂತಲ್ಲೇ" ಎಂದಳು.

"ವಯಸ್ಸಾಯ್ತಲ್ಲಮ್ಮ."

"ವಯಸ್ಸಲ್ಲ. ಆ ಪ್ಲೇಟು ದಿನಾ ಒದ್ದೆ ಇರ್ತಿತ್ತು. ಒಂದಿನಾನೂ ಬೆಚ್ಚಗಿರಲಿಲ್ಲ."

ನನ್ನ ಕೈಯಲ್ಲಿ ಚಮಚ ಹಾಗೇ ನಿಂತಿತು. "ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದೆ?"

"ಬೈದಿದ್ರೆ ದೊಡ್ಡವಳಿಗೆ ಕೇಳಿಸ್ತಿತ್ತು. ತಾನು ಬಿಟ್ಟುಕೊಟ್ಟಿದ್ದು ದಂಡ ಆಯ್ತು ಅಂತ ಅನ್ಸೋದು ಅವಳಿಗೆ. ಕೊಡು, ಆರಿಹೋಗುತ್ತೆ."

ಅಷ್ಟೇ ಆಡಿದ್ದು. ಮತ್ತೆ ಆ ಮಾತು ಎತ್ತಲಿಲ್ಲ. ಅವಳು ಹೋಗಿ ನಾಲ್ಕು ತಿಂಗಳಾಯಿತು. ಈಗ ಬೆಳಿಗ್ಗೆ ನಲ್ಲಿ ತಿರುಗಿಸುವುದಿಲ್ಲ, ಚೊಂಬಿನ ನೀರಲ್ಲೇ ಹಲ್ಲುಜ್ಜುತ್ತೇನೆ.

ನಿನಗೆ ಬೇಜಾರಾಗಬಾರದೆಂದು ಅಮ್ಮ ಇಪ್ಪತ್ತೈದು ವರ್ಷ ಬಾಯಿ ಬಿಡಲಿಲ್ಲ. ಈಗ ನಾನೇ ಬರೆದು ಹೇಳುತ್ತಿದ್ದೇನೆ. ಆದರೆ ನನ್ನ ಮೌನವನ್ನು ನೀನು ಸಿಟ್ಟೆಂದು ತಿಳಿದು, ತಡವಾಗಿ ಬಂದದ್ದನ್ನೇ ದಿನವೂ ಲೆಕ್ಕ ಹಾಕುತ್ತ ಕೂತಿದ್ದೀಯ. ಅದನ್ನು ನಿನ್ನ ತಲೆಯಿಂದ ತೆಗೆಯಲು ಇದನ್ನು ಹೇಳದೆ ಬೇರೆ ದಾರಿಯಿಲ್ಲ.

ಹೋದ ಸಲ ಡಾಕ್ಟರಮ್ಮನನ್ನು ಒಂದು ಮಾತು ಕೇಳಿದೆ. "ನಲವತ್ತನಾಲ್ಕು ವರ್ಷದವರಿಗೂ ಹಾಕ್ತೀರಾ?" ಎಂದೆ. "ಒಸಡು ಗಟ್ಟಿ ಇದ್ರೆ ಯಾರಿಗಾದ್ರೂ ಹಾಕ್ತೀವಿ. ಯಾರಿಗೆ?" ಎಂದಳು. "ನಮ್ಮಕ್ಕನಿಗೆ." "ಕರ್ಕೊಂಡು ಬನ್ನಿ" ಎಂದಳು. ಕೇಳಿಟ್ಟಿದ್ದೇನೆ, ಅಷ್ಟೇ. ಬಾ ಎಂದು ಕರೆಯುವ ಮುಖ ನನಗಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಬಗ್ಗಿ ಭಾರ ಎತ್ತಬಾರದೆಂದು ನಾನು ಹೇಳಿದೆನೆನ್ನು. ಮಗಳು ಚೆನ್ನಾಗಿ ಓದಿ ಮುಂದೆ ಬರಲಿ, ಅವಳ ನಗು ಹೀಗೇ ಇರಲಿ. ಅವಳು ಬಾಯ್ತುಂಬ ನಗುತ್ತಾಳಲ್ಲ, ಅದನ್ನು ಯಾರೂ ಆಡಿಕೊಳ್ಳದಂತೆ ನೋಡಿಕೋ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ ನಮ್ಮಿಬ್ಬರಲ್ಲಿ ಯಾರ ಮೇಲಾದರೂ ಇದ್ದರೆ ಅದು ನಿನ್ನ ಮೇಲೆ ಇರುತ್ತದೆ.

ನಿನ್ನ ತಂಗಿ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಅಕ್ಕಾ, ಅಪ್ಪ ಹೇಳಿದಂತೆ ನೀನು ಪುಕ್ಕಲಿಯಲ್ಲ. ಅಮ್ಮ ನಂಬಿದಂತೆ ನೀನು ನನಗಾಗಿ ಬಿಟ್ಟುಕೊಟ್ಟದ್ದೂ ಅಲ್ಲ. ನಿನ್ನನ್ನು ಆರಿಸಿದ ಆ ವಾರ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ನೀನು ನನಗೆ ಜಡೆ ಹಾಕುತ್ತಿದ್ದೆ. ಹಲ್ಲಿನ ಕಾಲೇಜಿನಲ್ಲಿ ನನ್ನ ಬಾಯಿ ನೋಡುವಾಗ ಪಕ್ಕದ ಕುರ್ಚಿಯ ಹುಡುಗಿ ಎಚ್ಚರ ತಪ್ಪಿ ಬಿದ್ದಳು, ಕಲಿಯುವವರಿಗೆ ಇಂಜೆಕ್ಷನ್ ಕೊಡುವ ಹಾಗಿಲ್ಲವಂತೆ, ಹಾಗೇ ಹಲ್ಲು ಕೀಳುತ್ತಾರಂತೆ ಎಂದು ನಾನು ನಿನಗೆ ಹೇಳಿದೆ. ನೀನು, "ನನಗೂ ಹಾಗೇನಾ?" ಎಂದೆ. "ನಿನ್ನದು ಜಾಸ್ತಿ ಇದೆಯಲ್ಲ, ಆರು ಕೀಳ್ತಾರೆ" ಎಂದೆ ನಾನು. ನಿನ್ನ ಬೆರಳು ನನ್ನ ಕೂದಲಲ್ಲಿ ಸ್ವಲ್ಪ ಹೊತ್ತು ನಿಂತವು. ಆಮೇಲೆ ಜಡೆ ಮುಗಿಸಿ ರಿಬ್ಬನ್ ಕಟ್ಟಿದೆ.

ಯಾವ ಹುಡುಗಿಯೂ ಬಿದ್ದಿರಲಿಲ್ಲ. ಎಲ್ಲ ನಾನು ಕಟ್ಟಿದ್ದು. ನನಗೆ ಎರಡು ಹಲ್ಲು ತೆಗೆದರು, ಇಂಜೆಕ್ಷನ್ ಕೊಟ್ಟೇ ತೆಗೆದರು, ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಆದರೂ ಮನೆಗೆ ಬಂದು ಕೆನ್ನೆಗೆ ಬಟ್ಟೆ ಒತ್ತಿಕೊಂಡು ನರಳಿದೆ. ನೀನು ಅನ್ನ ಕಿವುಚಿ ತಿನ್ನಿಸಿದೆ.

ಇದನ್ನು ಅಂಚೆಗೆ ಹಾಕಲು ಮಾಸ್ಟರ ಹತ್ತಿರ ಅರ್ಧ ಗಂಟೆ ಬಿಡುವು ಕೇಳಿದ್ದೇನೆ. ನಾಳೆ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ, ಅಂಚೆ ಕಚೇರಿ ಹತ್ತಕ್ಕೆ.