ಪೆನ್ಸಿಲ್ ಗೆರೆ

ಗ್ರೀನ್ ಬೇ, ವಿಸ್ಕಾನ್ಸಿನ್
ಮಾರ್ಚ್ 9, 2019

ಪ್ರೀತಿಯ ಡಾರಿಲ್,

ರೇಸಿಗೆ ಬಂದ ಪೆಟ್ಟಿಗೆಯಲ್ಲಿ ಮರದ ಪುಟ್ಟ ಕಾರಿನ ಜೊತೆ ಕಾಗದ ಕಂಡರೆ ನಿನಗೆ ಸಿಟ್ಟು ಬರುತ್ತದೆ. ಬರಲಿ. ನೀನು ಮನೆ ಬಿಟ್ಟು ಹದಿನಾಲ್ಕು ತಿಂಗಳಾಯಿತು, ಫೋನು ಎತ್ತುವುದಿಲ್ಲ. ಆದರೆ ರೇಸು ನಡೆಸುವವನು ನೀನು. ಅಂಚೆಯಲ್ಲಿ ಯಾರ ಕಾರು ಬಂದರೂ ಟ್ರ್ಯಾಕಿಗೆ ಇಡಲೇಬೇಕು, ಅವರ ಹೆಸರು ಕೂಗಲೇಬೇಕು. ಅದಕ್ಕೇ ನಾನು ಕಾರು ತಿದ್ದುವ ಈ ವಿದ್ಯೆ ಕಲಿಯಲು ಕೂತೆ.

ಹದಿನೆಂಟು ವರ್ಷ ನೀನು ನೆಲಮಾಳಿಗೆಯಲ್ಲಿ ಆ ಏಳಿಂಚಿನ ಪೈನ್ ಮರದ ಕಾರುಗಳನ್ನು ತಿದ್ದುತ್ತಿದ್ದಾಗ ನಾನು ಒಮ್ಮೆಯೂ ಮೆಟ್ಟಿಲಿಳಿದು ಬರಲಿಲ್ಲ. ನಿನ್ನ ತಂಗಿ ವಾಂಡಾಳ ಮುಂದೆ, ಗಡ್ಡ ನೆರೆತರೂ ಮಕ್ಕಳಾಟ ಬಿಟ್ಟಿಲ್ಲ ಎಂದು ನಕ್ಕವಳು ನಾನು. ಅದು ನಿನ್ನ ಕಿವಿಗೆ ಬಿತ್ತು. ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಾರು ಉರುಳಿಸಿ ನೋಡಲು ನೀನು ಇಟ್ಟುಕೊಂಡಿದ್ದ, ಬಿಟ್ಟುಹೋದ ಹಲಗೆಯ ಮೇಲೇ ಕಲಿತೆ. ಮುಂದಿನ ಚಕ್ರಕ್ಕೆ ಅಚ್ಚಾಗಿರುವ ಮೊಳೆಯನ್ನು ತುಸು ಬಗ್ಗಿಸಿ, ಅದರ ತಲೆಯ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಕೂದಲೆಳೆಯಷ್ಟು ತಿರುಗಿಸಿದರೆ ಕಾರು ಅಡ್ಡಾಡದೆ ಇಳಿಜಾರು ಟ್ರ್ಯಾಕಿನ ನಡುವಿನ ಪಟ್ಟಿಗೆ ಒರಗಿಕೊಂಡು ಇಳಿಯುತ್ತದೆ. ಹಲಗೆಯ ಮೇಲೆ ನಾಲ್ಕಡಿ ಉರುಳುವಷ್ಟರಲ್ಲಿ ನಾಲ್ಕಿಂಚು ಎಡಕ್ಕೆ ಸರಿಯಬೇಕು. ಅಡುಗೆಮನೆಯ ಮೇಜಿನ ತುಂಬ ಚಕ್ರ ಜಾರಲು ಹಾಕುವ ಗ್ರಾಫೈಟ್ ಪುಡಿ. ವಾಂಡಾ ಬಂದವಳು, "ಗಂಡ ಇದ್ದಾಗ ಮೂಸಿ ನೋಡ್ಲಿಲ್ಲ, ಈಗ ಅವನ ಆಟಿಕೆ ಉಜ್ಜ್ತಾ ಕೂತಿದೀಯಲ್ಲೇ" ಅಂದಳು. ನಾನು ಕಾಫಿ ಕೊಟ್ಟು ಕಳಿಸಿದೆ.

ಮನೆಯ ಹಲಗೆಯ ಮೇಲೆ ಸರಿಯಾಗಿ ಉರುಳುವ ಕಾರು ನಿನ್ನಲ್ಲಿಗೆ ಬರುವಷ್ಟರಲ್ಲಿ ಕೆಡುತ್ತದೆ. ಅಂಚೆಯ ಕುಲುಕಾಟವೋ ಏನೋ. ಕಳಿಸಿದ ಮೂರು ಸಲವೂ ಕೊನೆಯ ಸ್ಥಾನ. ಕಳೆದ ತಿಂಗಳ ರೇಸಿನ ವೀಡಿಯೊದಲ್ಲಿ ನೀನು, "ನಾಲ್ಕನೇ ಲೇನು, ಕೊರೀನ್‌ದು. ಕುಡ್ಕೊಂಡು ಮನೆಗ್ ಬರೋರ ಥರ ಬರ್ತಾ ಇದೆ ನೋಡ್ರಪ್ಪಾ" ಅಂದೆ. ಎಲ್ಲರೂ ನಕ್ಕರು. ನಾನು ಅದನ್ನು ಹಿಂದೆ ತಿರುಗಿಸಿ ತಿರುಗಿಸಿ ಕೇಳಿದೆ, ನನ್ನ ಹೆಸರು ಬರುವಷ್ಟನ್ನು ಮಾತ್ರ.

ಹೊಸಬರ ಕಾರು ಹೀಗೆ ಅಡ್ಡಾಡಿದರೆ ರೇಸು ಮುಗಿದ ಮೇಲೆ ನೀನೇ ಮೊಳೆ ತಿರುಗಿಸಿ, ಸರಿಮಾಡಿ ವಾಪಸು ಕಳಿಸುತ್ತಿದ್ದೆ. ಅವರ ಧನ್ಯವಾದದ ಕಾಗದಗಳನ್ನು ನಾನೇ ಒಡೆದು ಕೊಟ್ಟಿದ್ದೇನೆ. ಹಾಗಾಗಿ ಪ್ರತಿ ಸಲವೂ ಕಾರಿನ ಅಡಿಯಲ್ಲಿ ಮೊಳೆಯ ಮೈಯಿಂದ ಮರದವರೆಗೆ ಒಂದು ಪೆನ್ಸಿಲ್ ಗೆರೆ ಎಳೆದು ಕಳಿಸಿದೆ. ನಿನ್ನ ಕೈ ತಾಗಿದ್ದರೆ ಗೆರೆ ಮುರಿಯುತ್ತಿತ್ತು. ಮೂರು ಸಲವೂ ಪೆಟ್ಟಿಗೆ ಬಂತು, ಜೊತೆಗೆ ಓಟದ ಸಮಯ ಬರೆದ ಚೀಟಿ. ಗೆರೆ ಎಳೆದಲ್ಲೇ ಇತ್ತು.

ಇದು ನಾಲ್ಕನೆಯದು. ನಿಯಮದ ಐದು ಔನ್ಸಿಗೆ ಕೂದಲಷ್ಟೂ ಹೆಚ್ಚಿಲ್ಲ, ತೂಗಿದ್ದೇನೆ.

ಇನ್ನೂ ನಿನ್ನ ಮನೆತನದ ಹೆಸರಲ್ಲೇ ಸಹಿ ಹಾಕುವ,
ಕೊರೀನ್ ಲುಡ್ಕಿ

ಮರೆತ ಮಾತು: ಅಂಚೆಯವರದು ತಪ್ಪಿಲ್ಲ. ಕಾರು ತಿದ್ದುವುದು ನನಗೆ ನವೆಂಬರಿನಲ್ಲೇ ಕೈಗೂಡಿತ್ತು. ನೀನು ಸರಿಮಾಡುತ್ತೀಯೇನೋ ಎಂದು, ಮೂರು ಸಲವೂ ಪೆಟ್ಟಿಗೆ ಮುಚ್ಚುವ ಮುನ್ನ ಮೊಳೆಯನ್ನು ನಾನೇ ಕೆಡಿಸುತ್ತಿದ್ದೆ. ಈ ಸಲ ಕೆಡಿಸಿಲ್ಲ, ಗೆರೆಯನ್ನೂ ಎಳೆದಿಲ್ಲ. ಗೆದ್ದರೆ ನನ್ನ ಹೆಸರನ್ನು ಒಮ್ಮೆ ಗೇಲಿಯಿಲ್ಲದೆ ಹೇಳು. ವಾಪಸು ಕಳಿಸುವ ವಿಳಾಸದ ಚೀಟಿಗಾಗಿ ಪೆಟ್ಟಿಗೆ ತಡಕಬೇಡ, ಇಟ್ಟಿಲ್ಲ; ಕಾರು ನಿನ್ನಲ್ಲೇ ಇರಲಿ.