ಕೆನ್ನೆ ತಟ್ಟಿದರೆ ನೀರು

ಅತ್ತೆ,

ನೀವು ಕಣ್ಣು ಮುಚ್ಚಿ ಐದು ತಿಂಗಳಾಯ್ತು. ಈ ಕಾಗದಕ್ಕೆ ಬರೆಯೋಕೆ ವಿಳಾಸವೂ ಇಲ್ಲ. ಆದರೂ ಇವತ್ತಿನ ವರದಿ ನಿಮಗೇ ಒಪ್ಪಿಸಬೇಕು. ನಿಮ್ಮ ಮೊಮ್ಮಗಳು ಥೆರಪಿ ಕೇಂದ್ರದ ಆರೂ ಮೆಟ್ಟಿಲನ್ನ ಕಂಬಿ ಹಿಡಿದು ತಾನೇ ಹತ್ತಿದಳು. ಮೂರೂವರೆ ವರ್ಷಕ್ಕೆ! ಡೌನ್ ಸಿಂಡ್ರೋಮ್ ಅಂದ ಕೂಡಲೇ "ಇದು ನಡೆಯೋದುಂಟಾ" ಅಂದಿದ್ದ ನೆಂಟರೆಲ್ಲ ಬಂದು ನೋಡಬೇಕಿತ್ತು. ಮೇಲೆ ಹೋದವಳೇ, ನೀವು ಕಲಿಸಿದ ಹಾಗೆ ಕೆನ್ನೆ ಎರಡು ಸಲ ತಟ್ಟಿ, "ನೀಯು" ಅಂದಳು. ನೀರು ಬೇಕಂತೆ ಮಹಾರಾಣಿಗೆ!

ಟೀಚರ್ ಕುಣಿದಾಡಿಬಿಟ್ಟರು. "ಈ ಮಕ್ಕಳಿಗೆ ಮಾತು ಬಾಯಿಗೆ ಬರೋ ಮೊದಲೇ ಎಷ್ಟೋ ಅರ್ಥ ಆಗಿರುತ್ತೆ. ಕೈಸನ್ನೆಯಿಂದ ಮಾತಿಗೆ ದಾರಿ ಆಗುತ್ತೆ. ಯಾರು ಕಲಿಸಿದ್ದು?"

"ನಮ್ಮತ್ತೆ" ಅಂದೆ, ತಲೆ ಎತ್ತಿಯೇ. "ಕೈ ಆಡಿಸಿ ಆಡಿಸಿ ಮಗೂನ ಮೂಕಿ ಮಾಡ್ತೀರಾ" ಅಂತ ಆಗ ನಾನೇ ನಿಮ್ಮ ಮೇಲೆ ಹರಿಹಾಯ್ದಿದ್ದನ್ನ ಹೇಳಲಿಲ್ಲ.

ಇನ್ನು ಇವಳನ್ನ ಹಿಡಿಯೋರಿಲ್ಲ, ನಮ್ಮ ತಲೆ ಚಿಟ್ಟು ಹಿಡಿಯೋ ಹಾಗೆ ಮಾತಾಡ್ತಾಳೆ ನೋಡ್ತಾ ಇರಿ. ಒಂದೇ ತೊಡಕು. ದಿನಾ ಸಂಜೆ ನಿಮ್ಮ ಕುರ್ಚಿ ಮುಂದೆ ನಿಂತು, ಕಿವಿ ಹಿಡಿದು, ಎದೆ ಮುಟ್ಟಿಕೊಂಡು ನನ್ನ ಮುಖ ನೋಡ್ತಾಳೆ. ನೀರು ಕೊಟ್ಟೆ, ಗೊಂಬೆ ಕೊಟ್ಟೆ. ಅದಲ್ಲ ಅಂತ ತಲೆ ಆಡಿಸ್ತಾಳೆ.

ನೀವು ಕಲಿಸಿದ ಆ ಸನ್ನೆ ಅಂದರೇನು ಅತ್ತೆ? ನೀವಿದ್ದಾಗ ನಾನು ಕೇಳಲೇ ಇಲ್ಲ.